ಮಕ್ಕಳಿರುವ ದೇಶಕ್ಕೇ ಹೋಗಿ ನೆಲೆಸಬೇಕೆ?

ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬಂದ ಅಪ್ಪ ಅಮ್ಮಂದಿರ ಮನೆಯಲ್ಲಿ ಹತ್ತು ಹದಿನೈದು ವರ್ಷ ಕಳೆದ ಮೇಲೆ ಏಳುವ ಪ್ರಶ್ನೆ ಇದು. ಅಷ್ಟರಲ್ಲಿ ಮಗನಿಗೋ ಮಗಳಿಗೋ ಅಲ್ಲಿನ ಪೌರತ್ವ ಸಿಕ್ಕಿರುತ್ತದೆ. ‘ಗ್ರೀನ್ ಕಾರ್ಡ್ ಮಾಡಿಸ್ತೀವಿ, ಬಂದುಬಿಡಿ’ ಎಂಬ ಮಾತು ವಾರವಾರದ ವಿಡಿಯೊ ಕರೆಯಲ್ಲಿ ಬರತೊಡಗುತ್ತದೆ. 21 ವರ್ಷ ದಾಟಿದ ಅಮೆರಿಕನ್ ಪ್ರಜೆ ತನ್ನ ತಂದೆ ತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳಬಹುದು; ಈ ವರ್ಗದ ವೀಸಾಗೆ ವರ್ಷಕ್ಕಿಷ್ಟೇ ಎಂಬ ಮಿತಿಯಿಲ್ಲ. ಬೇರೆ ಕಡೆ ಬಾಗಿಲು ಇಷ್ಟು ತೆರೆದಿಲ್ಲ. ಬ್ರಿಟನ್ 2012ರ ಜುಲೈನಲ್ಲಿ ನಿಯಮ ಬಿಗಿ ಮಾಡಿದ ಮೇಲೆ ಅಲ್ಲಿಗೆ ತಂದೆ ತಾಯಿಯನ್ನು ಕರೆಸಿಕೊಳ್ಳುವುದು ಬಹಳ ಕಷ್ಟ. ಕೆನಡಾದ ಸೂಪರ್ ವೀಸಾದಲ್ಲಿ 2022ರಿಂದ ಒಮ್ಮೆಗೆ 5 ವರ್ಷ ಇರಬಹುದು, ಆದರೆ ಅದು ನೆಲೆಸುವ ಹಕ್ಕಲ್ಲ. ಹಾಗಾಗಿ ಇಲ್ಲಿನ ಚರ್ಚೆ ಅಮೆರಿಕದ ಮಟ್ಟಿಗೆ. ವಾದಿಸುವವರು ಒಂದೇ ಮನೆತನದ ಇಬ್ಬರು: ಹೋಗಿ ನೆಲೆಸಿದ ಅತ್ತಿಗೆ, ಹೋಗಿ ವಾಪಸಾದ ಮೈದುನ.

ಪರ
ಹಾಸನದ ನಿವೃತ್ತ ಮುಖ್ಯೋಪಾಧ್ಯಾಯಿನಿ, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ವಾಸಿ

‘ಹುಟ್ಟಿದ ಊರು ಬಿಟ್ಟು ಈ ವಯಸ್ಸಿನಲ್ಲಿ ಅಲ್ಲಿ ಏನು ಮಾಡ್ತೀರಿ?’ ಎಂದು ಹಾಸನದಲ್ಲಿ ಎಲ್ಲರೂ ಕೇಳಿದರು. ಕೇಳಿದವರಲ್ಲಿ ಅರ್ಧ ಜನ ಸ್ವತಃ ಊರು ಬಿಡುವ ಸಿದ್ಧತೆಯಲ್ಲಿದ್ದರು. ಒಬ್ಬರು ಬೆಂಗಳೂರಿನ ಮಗನ ಫ್ಲ್ಯಾಟಿಗೆ, ಇನ್ನೊಬ್ಬರು ಪುಣೆಗೆ. ನಮ್ಮ ಬೀದಿಯಲ್ಲಿ ಸಂಜೆ ದೀಪ ಹತ್ತುವ ಮನೆಗಳೇ ಕಡಿಮೆಯಾಗಿದ್ದವು. ನಾವು ಬಿಟ್ಟುಹೋಗುತ್ತೇವೆ ಎಂದು ಸಂಕಟಪಡುವ ಊರು ಎಷ್ಟೋ ಸಲ ನಮಗಿಂತ ಮೊದಲೇ ಖಾಲಿಯಾಗಿರುತ್ತದೆ. ಈ ಸತ್ಯವನ್ನು ಮುಂದಿಟ್ಟುಕೊಂಡು ಮಾತಾಡೋಣ ಎಂಬುದು ನನ್ನ ಮೊದಲ ಕೋರಿಕೆ.

ಯಜಮಾನರು ತೀರಿಕೊಂಡಾಗ ಒಬ್ಬಳೇ ಮಗಳು ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುತ್ತಿದ್ದಳು. ಅವಳ ತಪ್ಪಲ್ಲ, ಯಾರ ತಪ್ಪೂ ಅಲ್ಲ. ಕ್ಯಾಲಿಫೋರ್ನಿಯಾದಿಂದ ಹಾಸನ ಅಷ್ಟು ದೂರ. ಆ ದೂರವನ್ನು ಫೋನು ತುಂಬುವುದಿಲ್ಲ. ಮುಪ್ಪಿನಲ್ಲಿ ಬೇಕಾದದ್ದು ಮಾತಿಗಿಂತ ಹೆಚ್ಚಾಗಿ ಕೈ. ಸ್ನಾನಕ್ಕೆ ಹೋಗಿ ಬಾಗಿಲು ತೆಗೆಯದಿದ್ದರೆ ಹೊರಗಿನಿಂದ ಕೂಗುವವರು, ಮಾತ್ರೆ ಬದಲಾದದ್ದನ್ನು ಗಮನಿಸುವವರು ಬೇಕು. ದುಡ್ಡು ಕೊಟ್ಟು ಆಳಿಟ್ಟುಕೊಳ್ಳಬಹುದು. ಆಳಿಗೆ ನಮ್ಮ ಮೊಮ್ಮಗಳ ಪರೀಕ್ಷೆ ಯಾವತ್ತು ಎಂದು ಗೊತ್ತಿರಬೇಕಾಗಿಲ್ಲ. ನನಗೆ ಗೊತ್ತಿರಬೇಕು.

ಹೋಗುವುದಾದರೆ ಬೇಗ ಹೋಗಬೇಕು. ಈ ಮಾತನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ರಾಜ್ಯ ಸರ್ಕಾರಿ ನೌಕರರಿಗೆ ನಿವೃತ್ತಿ 60ಕ್ಕೆ. ಅಮೆರಿಕದಲ್ಲಿ ದುಡಿದ ದಾಖಲೆಯಿಲ್ಲದ ಗ್ರೀನ್ ಕಾರ್ಡಿನವರು ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಹಣ ಕಟ್ಟಿ ಸೇರಬೇಕಾದರೆ ಎರಡು ಷರತ್ತು: 65 ತುಂಬಿರಬೇಕು, 5 ವರ್ಷ ಸತತವಾಗಿ ಅಲ್ಲಿ ವಾಸವಾಗಿರಬೇಕು. 60ಕ್ಕೆ ಹೋದವರಿಗೆ ಎರಡೂ ಒಟ್ಟಿಗೆ ಕೂಡಿಬರುತ್ತವೆ. 75ಕ್ಕೆ ಹೋದವರು 80ರ ತನಕ ಕಾಯಬೇಕು. ನಡುವಿನ ವರ್ಷಗಳಿಗೆ ಅಲ್ಲಿನ ಸರ್ಕಾರದ ವಿಮಾ ಮಾರುಕಟ್ಟೆಯಲ್ಲಿ ಸಿಗುವ ‘ಮಾರ್ಕೆಟ್‌ಪ್ಲೇಸ್’ ವಿಮೆ ಕೊಳ್ಳಬಹುದು. ಸಕ್ಕರೆ ಕಾಯಿಲೆ, ಬಿಪಿ ಮೊದಲೇ ಇದೆ ಎಂಬ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ. ಆರಾರು ತಿಂಗಳಿಗೆ ಬಂದುಹೋಗುವ ವಿಸಿಟರ್ ವೀಸಾದವರಿಗೆ ಇದು ಸಿಗುವುದೇ ಇಲ್ಲ. ಅವರು ಕೊಳ್ಳುವ ಪ್ರವಾಸಿ ವಿಮೆ ಹಳೆಯ ಕಾಯಿಲೆಯನ್ನು ಸಾಮಾನ್ಯವಾಗಿ ಹೊರಗಿಡುತ್ತದೆ. ಬಂದುಹೋಗುವುದೇ ಜಾಣತನ ಎನ್ನುವವರು ಇದನ್ನು ಯೋಚಿಸಬೇಕು.

ಬೇಗ ಹೋಗಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ ಕಲಿಕೆ. 60ರಲ್ಲಿ ಕಾಲು ಗಟ್ಟಿ, ಕುತೂಹಲವೂ ಉಳಿದಿರುತ್ತದೆ. ನಾನು ಬಸ್ಸಿನ ದಾರಿ ಕಲಿತೆ, ವಯಸ್ಕರ ಶಾಲೆಯಲ್ಲಿ ಮಾತಾಡುವ ಇಂಗ್ಲಿಷ್ ಕಲಿತೆ. ವ್ಯಾಕರಣ ಪಾಠ ಮಾಡಿದವಳಿಗೂ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೇಳುವ ಪ್ರಶ್ನೆ ಅರ್ಥವಾಗುತ್ತಿರಲಿಲ್ಲ. ಈಗ ಆಗುತ್ತದೆ. ಎಲಿಜಬೆತ್ ಕೆರೆಯ ಸುತ್ತ ಬೆಳಗಿನ ನಡಿಗೆಗೆ ಪಂಜಾಬಿ, ಗುಜರಾತಿ, ತಮಿಳು ಹೆಂಗಸರ ಜೊತೆಯಿದೆ. ಲಿವರ್‌ಮೋರ್‌ನ ಶಿವ ವಿಷ್ಣು ದೇವಸ್ಥಾನಕ್ಕೆ ಹಬ್ಬಕ್ಕೊಮ್ಮೆ ಹೋಗುತ್ತೇವೆ. ವಾರಾಂತ್ಯದ ಕನ್ನಡ ತರಗತಿಯಲ್ಲಿ ಪುಟ್ಟ ಮಕ್ಕಳಿಗೆ ಅಕ್ಷರ ತಿದ್ದಿಸುತ್ತೇನೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಕನ್ನಡ ಉಳಿಯುವುದು ಮನೆಯಲ್ಲಿ ಹಗಲೂ ಕನ್ನಡ ಆಡುವವರಿದ್ದರೆ ಮಾತ್ರ. ನನ್ನ ಮೊಮ್ಮಗಳು ನನ್ನೊಡನೆ ಜಗಳವಾಡುವುದೂ ಕನ್ನಡದಲ್ಲೇ, ಹಾಸನದ ಧಾಟಿಯಲ್ಲೇ.

ಅಲ್ಲಿ ಹೋದವರು ಮಗಳ ಮನೆಯ ಅಡುಗೆಯವರಾಗಿ, ಮಕ್ಕಳನ್ನು ನೋಡಿಕೊಳ್ಳುವವರಾಗಿ ಉಳಿಯುತ್ತಾರೆ ಎಂಬ ಆಕ್ಷೇಪ ಇದೆ. ಆಗುತ್ತದೆ, ಕಂಡಿದ್ದೇನೆ. ಇದನ್ನು ಮೊದಲ ದಿನವೇ ಮಾತಾಡಿ ತೀರ್ಮಾನಿಸಬೇಕು. ನನ್ನ ಪಿಂಚಣಿ ನನ್ನದು, ನನ್ನ ಕೋಣೆ ನನ್ನದು, ಶನಿವಾರದ ಬೆಳಗು ನನ್ನದು. ಇಷ್ಟನ್ನು ಬಾಯಿಬಿಟ್ಟು ಹೇಳಲು ನಮ್ಮ ತಲೆಮಾರಿನ ಹೆಂಗಸರಿಗೆ ಸಂಕೋಚ. ಆ ಸಂಕೋಚವನ್ನು ವಿಮಾನ ಹತ್ತುವ ಮೊದಲೇ ಬಿಡಬೇಕು. ಮಕ್ಕಳ ಜೊತೆ ಹೊಂದದಿದ್ದರೆ ಬೇರೆ ಇರುವ ದಾರಿಯೂ ಅಲ್ಲಿ ಇಲ್ಲದಿಲ್ಲ. ಹಿರಿಯರಿಗೆಂದೇ ಕಟ್ಟಿದ ಅಪಾರ್ಟ್‌ಮೆಂಟುಗಳಿವೆ. ಫ್ಲಾರಿಡಾದ ಟವಾರೆಸ್‌ನಲ್ಲಿ ಭಾರತೀಯ ನಿವೃತ್ತರಿಗಾಗಿಯೇ ಶಾಂತಿನಿಕೇತನ ಎಂಬ ಬಡಾವಣೆ ಎದ್ದಿದೆ.

ವಿರೋಧ
ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಅತ್ತಿಗೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಅವರು ಅತ್ತಿಗೆ. ನಲವತ್ತು ಮಕ್ಕಳ ತರಗತಿಯನ್ನು ಕಣ್ಣಿನಲ್ಲೇ ಸುಮ್ಮನಾಗಿಸುತ್ತಿದ್ದವರು. ಅವರನ್ನು ಎಲ್ಲಿ ಬಿಟ್ಟರೂ ಒಂದು ಶಾಲೆ ಕಟ್ಟುತ್ತಾರೆ. ಎಲ್ಲರ ಪರವಾಗಿ ಅವರನ್ನು ಉದಾಹರಣೆ ಕೊಡಲಾಗದು.

ನಾನೂ ನನ್ನ ಹೆಂಡತಿಯೂ ನ್ಯೂಜೆರ್ಸಿಯಲ್ಲಿದ್ದೆವು. ಮಗ ಸೊಸೆ ಚಿನ್ನದಂಥವರು, ದೂರಲು ಏನೂ ಇಲ್ಲ. ತೊಂದರೆ ಬೇರೆಯದು. ಮೈಸೂರಿನಲ್ಲಿ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಬರುವಷ್ಟರಲ್ಲಿ ಇಬ್ಬರು ಮೂವರು ಏನಾದರೊಂದು ಕಾಗದ ಹಿಡಿದು ನಿಲ್ಲಿಸುತ್ತಾರೆ. ಕುಟುಂಬ ಪಿಂಚಣಿಯ ಅರ್ಜಿ, ಕೆವೈಸಿ, ನಾಮಿನಿ ಬದಲಾವಣೆ, ನವೆಂಬರ್ ಬಂತೆಂದರೆ ಜೀವನ ಪ್ರಮಾಣ ಪತ್ರ. ಅವನ್ನೆಲ್ಲ ಮಾಡಿಕೊಡುವುದು ನನಗೆ ಗೊತ್ತು. ನ್ಯೂಜೆರ್ಸಿಯಲ್ಲಿ ಒಂದು ಶೀಟ್ ಮಾತ್ರೆ ತರಬೇಕಾದರೂ ಮಗನ ಮೀಟಿಂಗ್ ಮುಗಿಯುವ ತನಕ ಕಾಯಬೇಕಿತ್ತು. ನಾವಿದ್ದ ಕಡೆ ಬಸ್ಸಿರಲಿಲ್ಲ, ಕಾರು ಓಡಿಸದವನು ಮನೆ ಬಿಟ್ಟು ಹೊರಡುವಂತಿರಲಿಲ್ಲ. ಡಿಸೆಂಬರಿನಿಂದ ಮಾರ್ಚಿನ ತನಕ ಮಂಜು, ಹೆಂಡತಿಗೆ ಮಂಡಿ ನೋವು, ಕಿಟಕಿಯಾಚೆಗೆ ಕಾಣುವಷ್ಟೇ ಪ್ರಪಂಚ. ಬೇರೆಯವರಿಗೆ ಉಪಯೋಗಕ್ಕೆ ಬರುತ್ತಿದ್ದ ಮನುಷ್ಯ ಎಲ್ಲದಕ್ಕೂ ಬೇರೆಯವರನ್ನು ಕಾಯುವವನಾದರೆ ಅವನ ಆಯುಷ್ಯ ಕರಗುತ್ತದೆ. ಇದನ್ನು ಯಾವ ವಿಮೆಯೂ ತುಂಬಿಕೊಡದು.

ಇನ್ನು ಲೆಕ್ಕಕ್ಕೆ ಬರುತ್ತೇನೆ, ನನ್ನ ಕಸುಬೇ ಅದು. ಅತ್ತಿಗೆ ಹೇಳಿದ ಮೆಡಿಕೇರ್‌ಗೆ 2025ರ ದರದಲ್ಲಿ ಆಸ್ಪತ್ರೆಯ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ 185 ಡಾಲರ್. ಇದು ಒಬ್ಬರಿಗೆ, ತಿಂಗಳಿಗೆ ಸುಮಾರು 60,000 ರೂಪಾಯಿ. ಅಲ್ಲಿ 10 ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ ಮೊದಲ ಭಾಗ ಬಿಟ್ಟಿ. ನಮ್ಮಂಥ ಬಂದು ಸೇರಿದವರು ಪೂರ್ತಿ ಕಟ್ಟಬೇಕು. ಮಾಮೂಲಿ ಹಲ್ಲಿನ ಚಿಕಿತ್ಸೆ ಮೂಲ ಮೆಡಿಕೇರ್‌ನಲ್ಲಿ ಸೇರಿಲ್ಲ. ಗಂಡ ಹೆಂಡತಿ ಇಬ್ಬರ ಕಂತು ನನ್ನ ಪಿಂಚಣಿಯನ್ನು ಮೀರುತ್ತದೆ. ಅಂದರೆ ಮಗ ಕಟ್ಟಬೇಕು. ನಮ್ಮನ್ನು ಕರೆಸಿಕೊಳ್ಳುವಾಗ ಅವನು ಒಂದು ಪತ್ರಕ್ಕೆ ಸಹಿ ಹಾಕಿರುತ್ತಾನೆ: ಬಂದವರ ನಿರ್ವಹಣೆಗೆ ತಾನು ಹೊಣೆ ಎಂದು. ನಾವು ಅಲ್ಲಿನ ಪ್ರಜೆಗಳಾಗುವ ತನಕ, ಅಥವಾ ಆ ದೇಶ ಬಿಟ್ಟು ಕಾರ್ಡ್ ಒಪ್ಪಿಸುವ ತನಕ, ಆ ಹೊಣೆ ಕಾನೂನಿನ ಪ್ರಕಾರ ಅವನ ತಲೆಯ ಮೇಲೆ. ಮನೆ ಸಾಲ, ಮಕ್ಕಳ ಕಾಲೇಜು, ಯಾವಾಗ ಹೋಗುತ್ತದೋ ಎಂಬ ನೌಕರಿ, ಇವುಗಳ ಜೊತೆಗೆ.

ಗ್ರೀನ್ ಕಾರ್ಡ್ ಕೈಗೆ ಬಂದ ದಿನದಿಂದ ಇಲ್ಲಿನ ಪಿಂಚಣಿ, ಬಡ್ಡಿ, ಬಾಡಿಗೆ ಎಲ್ಲವನ್ನೂ ಅಲ್ಲಿನ ತೆರಿಗೆ ವಿವರದಲ್ಲಿ ತೋರಿಸಬೇಕು. ಭಾರತದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಪ್ರತ್ಯೇಕ ವರದಿ ಸಲ್ಲಿಸಬೇಕು; ಒಂದು ಸಾಧಾರಣ ಠೇವಣಿಯಿದ್ದರೆ ದಾಟಿಯೇ ದಾಟುತ್ತದೆ. ಇಲ್ಲಿ ಅನಿವಾಸಿಯಾದವರ ಉಳಿತಾಯ ಖಾತೆ ಎನ್‌ಆರ್‌ಒ ಆಗಬೇಕು, ಬಡ್ಡಿಯ ಮೇಲೆ ಮೂಲದಲ್ಲೇ ಶೇ 30ರಷ್ಟು ತೆರಿಗೆ ಕಡಿತ, ಕಡಿತ ಬೇಡವೆಂಬ ಘೋಷಣಾ ಪತ್ರ ಕೊಡುವಂತಿಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಹಾಕಬಹುದು, ಆದರೆ ಅನಿವಾಸಿಗಳಿಗೆ ಹೊಸ ಖಾತೆ ಇಲ್ಲ. ನಾನು ಕೌಂಟರಿನ ಈಚೆಗೆ ಕೂತು ಇದನ್ನೆಲ್ಲ ಕಂಡವನು. ಅಡಿಕೆ ತೋಟ ಮಾರಿ, ಮನೆ ಮಾರಿ, ಯಾವುದೂ ತಿಳಿಯದೆ ಹೊರಟ ಹಿರಿಯರು ಎರಡು ವರ್ಷದ ಮೇಲೆ ಕಾಗದ ಹಿಡಿದು ಬಂದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಮನಸ್ಸು ಬಂದಾಗ ಊರಿಗೆ ಬಂದು ಇರೋಣ ಎಂದರೂ ಆಗದು. ಒಂದು ವರ್ಷ ಮೀರಿ ಹೊರಗಿರಬೇಕಾದರೆ ಮೊದಲೇ ಮರುಪ್ರವೇಶದ ಪರವಾನಗಿ ಪಡೆದಿರಬೇಕು, ಇಲ್ಲವಾದರೆ ಕಾರ್ಡಿಗೇ ಕುತ್ತು. ಆರು ತಿಂಗಳು ಮೀರಿದರೂ ವಿಮಾನ ನಿಲ್ದಾಣದಲ್ಲಿ ಪ್ರಶ್ನೆಗಳು, ಪೌರತ್ವದ ಲೆಕ್ಕಕ್ಕೂ ಅಡ್ಡಿ. ಒಡಹುಟ್ಟಿದವರ ಶ್ರಾದ್ಧಕ್ಕೆಂದು ಬಂದು, ದಿನ ಎಣಿಸುತ್ತ ಇರುವುದು ಎಂಥ ಇರುವಿಕೆ?

ನನ್ನನ್ನು ಕೊನೆಗೆ ಎಬ್ಬಿಸಿದ್ದು ಇದಾವುದೂ ಅಲ್ಲ. ಮಗನಿಗೆ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಕೆಲಸ ಸಿಕ್ಕಿತು. ಒಳ್ಳೆಯ ಕೆಲಸ, ಹೋಗಲೇಬೇಕು. ಅಷ್ಟು ಹೊತ್ತಿಗೆ ಹೆಂಡತಿಗೆ ನ್ಯೂಜೆರ್ಸಿಯಲ್ಲಿ ಇಬ್ಬರು ಗೆಳತಿಯರಾಗಿದ್ದರು, ನನಗೆ ಒಬ್ಬ ಮಾತುಗಾರ ಸಿಕ್ಕಿದ್ದ. ಎಲ್ಲ ಬಿಟ್ಟು ಮತ್ತೆ ಮೊದಲಿನಿಂದ ಶುರು. ಅಲ್ಲಿನ ಜನ ಕೆಲಸದ ಹಿಂದೆ ಊರು ಬದಲಿಸುತ್ತಾರೆ, ಅದು ಅಲ್ಲಿನ ಜೀವನಕ್ರಮ. ಮಕ್ಕಳಿರುವ ಊರಿಗೆ ಹೋಗುತ್ತೇವೆ ಎನ್ನುವವರು ಕೇಳಿಕೊಳ್ಳಲಿ: ಮಕ್ಕಳಿಗೆ ಊರು ಎಂಬುದೊಂದು ಇದೆಯೆ? ನಾವು ಕಾರ್ಡನ್ನು ಒಪ್ಪಿಸಿ ಮೈಸೂರಿಗೆ ಬಂದೆವು. 70 ತುಂಬಿದವರಿಗೆ ಆಯುಷ್ಮಾನ್ ವಯ ವಂದನಾ ಯೋಜನೆಯ ಅಡಿಯಲ್ಲಿ 2024ರಿಂದ ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ವೆಚ್ಚದ ರಕ್ಷಣೆ ಇದೆ. ಅದೇ ಸಾಕೆಂದಲ್ಲ, ಖಾಸಗಿ ವಿಮೆಯನ್ನೂ ಇಟ್ಟುಕೊಂಡಿದ್ದೇವೆ. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳು ಇಲ್ಲಿಗೆ ಬರುತ್ತಾರೆ. ಅಜ್ಜಿ ತಾತನ ಮನೆ ಎಂಬುದು ಅವರಿಗೂ ಒಂದು ಬೇಕಲ್ಲ.

ಪರ, ಮತ್ತೆ

ಕಂತಿನ ಲೆಕ್ಕ ಸರಿ. ನನ್ನ ಮನೆಯ ಬಾಡಿಗೆಯೂ ಪಿಂಚಣಿಯೂ ಸೇರಿ ಅದನ್ನು ಕಷ್ಟದಿಂದ ಸರಿದೂಗಿಸುತ್ತವೆ. ಮನೆಯನ್ನು ನಾನು ಮಾರಿಲ್ಲ, ಮಾರಿರೆಂದು ಯಾರಿಗೂ ಹೇಳುವುದಿಲ್ಲ. ಬಸ್ಸಿಲ್ಲದ, ಮಂಜು ಬೀಳುವ ಕಡೆ ಮಗನಿದ್ದರೆ ನಾನೂ ಎರಡು ಸಲ ಯೋಚಿಸುತ್ತಿದ್ದೆ.

ಆದರೆ ನೀವು ಇಬ್ಬರಿದ್ದೀರಿ. ನಿಮ್ಮ ವಾದವೆಲ್ಲ ಇಬ್ಬರಿರುವ ಮನೆಯ ವಾದ. ಒಬ್ಬರು ಹೋದ ಮರುದಿನದಿಂದ ಅದೇ ಮನೆಯಲ್ಲಿ ರಾತ್ರಿ ಹೇಗಿರುತ್ತದೆ ಎಂಬುದು ನನಗೆ ಗೊತ್ತು, ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಆಗ ಹೋಗೋಣ ಎಂದರೆ ಮಗ ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು. ಮೆಡಿಕೇರ್‌ನ 5 ವರ್ಷ ಎಣಿಕೆಯಾಗುವುದು ಅಲ್ಲಿಗೆ ಹೋಗಿ ಇಳಿದ ಮೇಲೆ. ಕಾರ್ಡ್ ಒಪ್ಪಿಸುವಾಗ ಇದನ್ನು ನನಗೆ ತಂಗಿಯಂಥ ನಿಮ್ಮ ಹೆಂಡತಿಯ ಹತ್ತಿರ ಕೂತು ಮಾತಾಡಿದ್ದಿರಾ?

ವಿರೋಧ, ಮತ್ತೆ

ಮಾತಾಡಿದ್ದೇವೆ ಅತ್ತಿಗೆ. ಮುಂದೆಂದೋ ಬರಬಹುದಾದ ಒಂಟಿತನಕ್ಕೆ ಹೆದರಿ ಇವತ್ತಿನ ಹತ್ತು ಹದಿನೈದು ವರ್ಷವನ್ನು ಕಿಟಕಿಯ ಬಳಿ ಕಳೆಯಲಾರೆವು ಎಂಬುದರಲ್ಲಿ ಇಬ್ಬರಿಗೂ ಒಂದೇ ಮನಸ್ಸು. ಅದರಾಚೆಗೆ ಒಮ್ಮತವಿಲ್ಲ. ನಾನು ಮೊದಲು ಹೋದರೆ ಅವಳು ಮಗನ ಬಳಿಗೆ ಹೋಗಬೇಕು, ಅರ್ಜಿಗೆ ಎಷ್ಟು ಸಮಯ ಹಿಡಿದರೂ ಸರಿ, ವಿಮೆಗೆ ಬೇಕಾದ ಹಣ ತೆಗೆದಿಟ್ಟಿದ್ದೇನೆ ಎನ್ನುತ್ತೇನೆ ನಾನು. ಕುವೆಂಪುನಗರದ ಮನೆಯ ಕೆಳಗಿನ ಭಾಗವನ್ನು ಯಾರಾದರೂ ಚಿಕ್ಕ ಸಂಸಾರಕ್ಕೆ ಬಾಡಿಗೆ ಕೊಟ್ಟು, ಮೇಲೆ ತಾನಿರುತ್ತೇನೆ ಎನ್ನುತ್ತಾಳೆ ಅವಳು. ಮಗ ಅವಳನ್ನು ಒಪ್ಪಿಸಲು ನೋಡುತ್ತಿದ್ದಾನೆ. ಅವಳು ಇನ್ನೂ ಒಪ್ಪಿಲ್ಲ.