ಬೆಲೆ ಮೊದಲು ಹೇಳಿ, ಆಮೇಲೆ ಮಾರೋಣ



ಕನ್ನಡ ಕೂಟದವರು ಯಾರಾದರೂ ಮನೆ ಕೊಂಡರೆ ಸುದ್ದಿ ಎಲ್ಲರಿಗೂ ತಿಳಿಯುತ್ತದೆ. ಗೃಹಪ್ರವೇಶಕ್ಕೆ ಹೋಗಿ ಸತ್ಯನಾರಾಯಣ ಪೂಜೆಯ ಪ್ರಸಾದ ತಿಂದು ಬರುತ್ತೇವೆ. ಅದೇ ಮನೆ ಕೈಬಿಟ್ಟು ಹೋದಾಗ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಗೆಳೆಯನ ಒಪ್ಪಿಗೆ ಕೇಳಿಯೇ.

ಹಾಸನದ ಈ ಗೆಳೆಯ 2022ರ ಮೇ ತಿಂಗಳಲ್ಲಿ ಆಸ್ಟಿನ್‌ನ ಉತ್ತರಕ್ಕಿರುವ ಲಿಯಾಂಡರ್‌ನಲ್ಲಿ 5 ಲಕ್ಷ 40 ಸಾವಿರ ಡಾಲರಿಗೆ ಮನೆ ಕೊಂಡ. ಕೈಯಿಂದ ಹಾಕಿದ್ದು ನೂರಕ್ಕೆ ಐದು. ಆಸ್ಟಿನ್ ಸುತ್ತಮುತ್ತ ಬೆಲೆ ತುದಿ ಮುಟ್ಟಿದ ದಿನಗಳವು, ಆಮೇಲೆ ಇಳಿಯುತ್ತಲೇ ಹೋಯಿತು. 2024ರ ಜನವರಿಯಲ್ಲಿ ಅವನ ಕೆಲಸ ಹೋಯಿತು. ಎಚ್-1ಬಿ ವೀಸಾದವರಿಗೆ 2017ರ ನಿಯಮ ಕೊಡುವ ಬಿಡುವು 60 ದಿನ. ಬೇರೆ ಕೆಲಸ ಸಿಗಲಿಲ್ಲ. ಮಾರ್ಚಿನಲ್ಲಿ ಹೆಂಡತಿ, ಮಗುವನ್ನು ಕರೆದುಕೊಂಡು ಊರಿಗೆ ಹೊರಟ. ಏರ್‌ಪೋರ್ಟಿನಲ್ಲಿ ನನ್ನ ಕೈಗೆ ಬೀಗದಕೈ, ಪವರ್ ಆಫ್ ಅಟಾರ್ನಿ ಎರಡನ್ನೂ ಕೊಟ್ಟು, "ಓಡಿಹೋದ ಅನ್ನಿಸಿಕೊಳ್ಳೋದು ಬೇಡ ಕಣೋ, ಸರಿಯಾಗಿ ಮಾರಿ ಮುಗಿಸು" ಅಂದ.

ಸರಿಯಾಗಿ ಮಾರುವ ದಾರಿಯ ಹೆಸರೇ ಶಾರ್ಟ್ ಸೇಲ್. ಮನೆಯ ಬೆಲೆ ಸಾಲದ ಬಾಕಿಗಿಂತ ಕೆಳಗಿದ್ದಾಗ, ಸಾಲ ಕೊಟ್ಟವರ ಒಪ್ಪಿಗೆ ಪಡೆದು ಸಿಕ್ಕ ಬೆಲೆಗೆ ಮಾರುವುದು. ಒಪ್ಪದಿದ್ದರೆ ಫೋರ್‌ಕ್ಲೋಷರ್, ಅಂದರೆ ಹರಾಜು.

ಮೇ ತಿಂಗಳಲ್ಲಿ 4 ಲಕ್ಷ 30 ಸಾವಿರಕ್ಕೆ ಒಂದು ಒಳ್ಳೆಯ ಆಫರ್ ಬಂತು. ಬಾಕಿ ಸುಮಾರು 5 ಲಕ್ಷ. ನಾನು ಫೈಲು ಕಳಿಸಿದೆ. ಮೂರು ವಾರ ಬಿಟ್ಟು "ಒಂದು ಪುಟ ಇಲ್ಲ" ಅಂದರು. ಅದನ್ನು ಕಳಿಸುವ ಹೊತ್ತಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಹಳೆಯದಾಗಿತ್ತು. ಹೊಸದನ್ನು ಕಳಿಸಿದರೆ ಫೈಲು ನೋಡುತ್ತಿದ್ದವರೇ ಬದಲಾಗಿದ್ದರು. ಜುಲೈ ಕೊನೆಗೆ ಬ್ರೋಕರ್ ಒಬ್ಬ ಮನೆ ನೋಡಿ ಬೆಲೆ ಕಟ್ಟಿದ. 4 ಲಕ್ಷ 65 ಸಾವಿರಕ್ಕೆ ಕಡಿಮೆ ಆಗದು ಎಂದು ಉತ್ತರ ಬಂತು. ಅಷ್ಟರಲ್ಲಿ ಕೊಳ್ಳುವವರು ಕಾದು ಕಾದು ಬೇರೆ ಮನೆ ನೋಡಿಕೊಂಡಿದ್ದರು. ಆಫರ್ ಇಲ್ಲವೆಂದು ಫೈಲು ಮುಚ್ಚಿದರು.

ಟೆಕ್ಸಾಸ್‌ನಲ್ಲಿ ಹರಾಜು ನಡೆಯುವುದು ತಿಂಗಳ ಮೊದಲ ಮಂಗಳವಾರ. ಡಿಸೆಂಬರ್ 3ರಂದು ಮನೆ 4 ಲಕ್ಷ 2 ಸಾವಿರಕ್ಕೆ ಹೋಯಿತು. ಮೇ ತಿಂಗಳ ಆಫರಿಗಿಂತ 28 ಸಾವಿರ ಕಡಿಮೆ! ಏಜೆಂಟ್ ಕಮಿಷನ್ ಕಳೆದು ನೋಡಿದರೆ ಅಂತರ ಚಿಕ್ಕದಾಗುತ್ತದೆ ನಿಜ. ಆದರೆ ಏಳು ತಿಂಗಳ ಬಡ್ಡಿ, ತೆರಿಗೆ, ವಿಮೆ, ವಕೀಲರ ಖರ್ಚು ಸೇರಿಸಿದರೆ? ಸಾಲ ಕೊಟ್ಟವರಿಗೂ ಇದರಲ್ಲಿ ಲಾಭವಾಗಲಿಲ್ಲ.

ಅಡಚಣೆ ಎಲ್ಲಿದೆ?

ನಾವು ತಿಂಗಳ ಕಂತು ಕಟ್ಟುವ ಕಂಪನಿ ಬಹಳ ಸಲ ಸಾಲದ ಒಡೆಯನಲ್ಲ, ವಸೂಲಿ ನೋಡಿಕೊಳ್ಳುವ ಸರ್ವಿಸರ್ ಅಷ್ಟೆ. ಒಡೆಯ ಬೇರೆ. ಮುಂಗಡ ಶೇ. 20ಕ್ಕಿಂತ ಕಡಿಮೆ ಇದ್ದರೆ ಸಾಲದ ಮೇಲೆ ವಿಮೆ ಮಾಡಿದವರೂ ಬೇರೆ. ಎರಡನೇ ಸಾಲವಿದ್ದರೆ ಇನ್ನೊಬ್ಬರು. ಇವರೆಲ್ಲ ಹೂಂ ಅನ್ನಬೇಕು. ಆದರೆ ಕೇಳುವ ಕೆಲಸ ಶುರುವಾಗುವುದೇ ಆಫರ್ ಬಂದ ಮೇಲೆ. ಗಿರಾಕಿಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಬೆಲೆ ಎಷ್ಟೆಂದು ಒಳಗೆ ಚರ್ಚೆ ಮಾಡುವ ಅಂಗಡಿ ಎಲ್ಲಾದರೂ ಉಂಟೇ? ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಾದರೆ ಇಂಥ ಡಿಸೈನು ಮೊದಲ ರಿವ್ಯೂನಲ್ಲೇ ಬಿದ್ದುಹೋಗುತ್ತದೆ.

ಮದ್ದು ಹೊಸದಾಗಿ ಹುಡುಕಬೇಕಿಲ್ಲ

ಮೊದಲನೆಯದು, ಬೆಲೆ ಮುಂಚೆ ತಿಳಿಸುವುದು. ಒಬಾಮ ಸರ್ಕಾರ 2010ರ ಏಪ್ರಿಲ್‌ನಲ್ಲಿ ಶುರುಮಾಡಿದ ಹಾಫಾ ಯೋಜನೆಯಲ್ಲಿ, ಕೈಗೆ ಕನಿಷ್ಠ ಎಷ್ಟು ಬರಬೇಕೆಂದು ಆಫರಿಗೆ ಮುಂಚೆಯೇ ತಿಳಿಸುವ ಏರ್ಪಾಡು ಇತ್ತು. ಆಫರ್ ಬಂದರೆ 10 ಕೆಲಸದ ದಿನಗಳಲ್ಲಿ ಉತ್ತರ. ಆ ಯೋಜನೆ 2016ರ ಕೊನೆಗೆ ಹೊಸ ಅರ್ಜಿಗಳಿಗೆ ಬಾಗಿಲು ಹಾಕಿತು.

ಎರಡನೆಯದು, ಗಡುವು. ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಾಲಗಳಿಗೆ 2012ರ ಜೂನ್‌ನಲ್ಲಿ 30 ದಿನದಲ್ಲಿ ಉತ್ತರ, 60 ದಿನದಲ್ಲಿ ಕೊನೆಯ ತೀರ್ಮಾನ ಎಂಬ ನಿಯಮ ಬಂತು. 2014ರ ಜನವರಿಯಲ್ಲಿ ಜಾರಿಯಾದ ಕೇಂದ್ರ ನಿಯಮದ ಪ್ರಕಾರ ಅರ್ಜಿ ಪೂರ್ಣವಾದ ಮೇಲೆ 30 ದಿನದಲ್ಲಿ ಪರಿಶೀಲಿಸಬೇಕು. ಆದರೆ ಪೂರ್ಣವಾಯಿತೋ ಇಲ್ಲವೋ ಎಂದು ಮೊದಲು ಹೇಳುವವರು ಸರ್ವಿಸರೇ! ಗಡುವು ಆಫರ್ ಕೈಸೇರಿದ ದಿನದಿಂದಲೇ ಓಡಬೇಕು, ಯಾವ ಬ್ಯಾಂಕಿನ ಸಾಲವಾದರೂ ಸರಿ. ಉತ್ತರ ಕೊಡುವ ತನಕ ಹರಾಜು ನಿಲ್ಲಬೇಕು.

ಮೂರನೆಯದು, ಮಿಕ್ಕ ಬಾಕಿಯ ಮನ್ನಾ. ಕ್ಯಾಲಿಫೋರ್ನಿಯಾದಲ್ಲಿ 2011ರ ಕಾನೂನಿನಂತೆ, ಒಪ್ಪಿಗೆ ಕೊಟ್ಟು ಶಾರ್ಟ್ ಸೇಲ್ ಆದ ಮೇಲೆ ಮೊದಲ ಸಾಲದವರಾಗಲಿ, ಎರಡನೆಯವರಾಗಲಿ ಉಳಿದ ಹಣಕ್ಕೆ ಬೆನ್ನು ಹತ್ತುವಂತಿಲ್ಲ. ಟೆಕ್ಸಾಸ್‌ನಲ್ಲಿ ಹರಾಜಾದ ಎರಡು ವರ್ಷದೊಳಗೆ ಬಾಕಿಗೆ ದಾವೆ ಹೂಡಬಹುದು. ಹಾಸನದಲ್ಲಿ ಕೂತವನಿಗೆ ಅಮೆರಿಕದಿಂದ ಒಂದು ಪತ್ರ ಬಂದರೂ ಎದೆ ಧಸಕ್ಕೆನ್ನುವುದು ಇದಕ್ಕೇ.

"ಸಾಲ ಮಾಡಿದವನು ತೀರಿಸಬೇಕಪ್ಪ, ಇದೇನು ರಿಯಾಯಿತಿ ಕೇಳೋದು?" ಎಂದು ನಮ್ಮಲ್ಲೇ ಕೆಲವರು ಕೇಳಬಹುದು. ನಮ್ಮಪ್ಪನೂ ಹಾಗೇ ಕೇಳಿದರು. ತೀರಿಸಬೇಕು, ನಿಜ. ಆದರೆ ಇಲ್ಲಿ ಕೇಳುತ್ತಿರುವುದು ಉತ್ತರ. ಒಪ್ಪಿಗೆ ಇಲ್ಲವೆಂದರೂ ಸರಿ, ಬೇಗ ಹೇಳಲಿ. ನೆಂಟರಿಗೇ ಅಗ್ಗಕ್ಕೆ ಮಾರಿ ಮೋಸ ಮಾಡುವವರೂ ಇದ್ದಾರೆ, ಅದಕ್ಕೆ ಕೊಳ್ಳುವವರು ಮಾರುವವರ ನಡುವೆ ಸಂಬಂಧವಿಲ್ಲವೆಂದು ಬರೆಸಿಕೊಳ್ಳುವ ಪದ್ಧತಿ ಈಗಾಗಲೇ ಇದೆ.

ನಾವೇನು ಮಾಡಬಹುದು?

ವೀಸಾದ ಮೇಲಿರುವ ನಮಗೆ ಓಟಿಲ್ಲ. ಆದರೆ ನಮ್ಮ ನಡುವೆ ಸಿಟಿಜನ್ ಆದವರು ನೂರಾರು ಮಂದಿ ಇದ್ದೀರಿ. ನಿಮ್ಮ ರಾಜ್ಯದ ಶಾಸಕರಿಗೆ ಒಂದು ಪತ್ರ ಬರೆಯಿರಿ, ಮೇಲಿನ ಮೂರೇ ಅಂಶ ಸಾಕು. ಕನ್ನಡ ಕೂಟದವರು ಯುಗಾದಿ ಕಾರ್ಯಕ್ರಮದಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಲಿ, ವಿಷಯ ಬಲ್ಲ ವಕೀಲರೊಬ್ಬರು ಕನ್ನಡದಲ್ಲೇ ತಿಳಿಸಿ ಹೇಳಲಿ.

ಇನ್ನು ಈ ಕಷ್ಟದಲ್ಲಿ ಈಗ ಇರುವವರಿಗೆ: ಕೆಲಸ ಹೋದ ವಾರವೇ ಸರ್ವಿಸರಿಗೆ ತಿಳಿಸಿ, 60 ದಿನ ಮುಗಿಯಲಿ ಎಂದು ಕಾಯಬೇಡಿ. ಸಾಲದ ಒಡೆಯ ಯಾರೆಂದು ಬರಹದಲ್ಲಿ ಕೇಳಿ. ಪವರ್ ಆಫ್ ಅಟಾರ್ನಿಯನ್ನು ಇಲ್ಲಿರುವಾಗಲೇ ಮಾಡಿಸಿ. ಬಾಕಿ ಮನ್ನಾ ಎಂಬ ಮಾತು ಒಪ್ಪಿಗೆ ಪತ್ರದಲ್ಲಿ ಇಲ್ಲದೆ ಸಹಿ ಹಾಕಬೇಡಿ. ಮನ್ನಾ ಆದ ಹಣವನ್ನು ಆದಾಯವೆಂದು ತೆರಿಗೆಗೆ ಎಣಿಸಬಹುದು, ಆದ್ದರಿಂದ ಅಕೌಂಟೆಂಟ್ ಒಬ್ಬರನ್ನು ಕೇಳಿ. ಮುಖ್ಯವಾಗಿ, ನಾಚಿಕೆಪಟ್ಟು ಒಬ್ಬರೇ ಕೊರಗಬೇಡಿ.

ಗೆಳೆಯನ ಮನೆಯ ಬೀಗದಕೈ ಇನ್ನೂ ನನ್ನ ಡ್ರಾಯರಿನಲ್ಲಿದೆ. ಹೊಸಬರು ಬೀಗ ಬದಲಿಸಿದ್ದಾರೆ. ಆದರೂ ಅದನ್ನು ಎಸೆಯಲು ಮನಸ್ಸು ಬಂದಿಲ್ಲ.

ನಿಮ್ಮ ಅನುಭವವಿದ್ದರೆ ಬರೆಯಿರಿ. ಹೆಸರು ಬೇಡವೆಂದರೆ ಹಾಕುವುದಿಲ್ಲ.