ಯುವ ತಂತ್ರಾಂಶ ಇಂಜಿನಿಯರರು ಮತ್ತು ಕೂಡಿ ದುಡಿಯುವ ಪಾಠ: ಒಂದು ಅವಲೋಕನ

ಮುಂಬಯಿ ಮಹಾನಗರ ಹಾಗೂ ಅದರ ಉಪನಗರಗಳಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಲ್ಲಿ ಗಣಕ ವಿಜ್ಞಾನವನ್ನೋ ಮಾಹಿತಿ ತಂತ್ರಜ್ಞಾನವನ್ನೋ ಓದುತ್ತಿರುವ ಮಗನೋ ಮಗಳೋ ಇಲ್ಲದ ಮನೆ ಇಂದು ಅಪರೂಪ ಎಂದರೆ ಅತಿಶಯೋಕ್ತಿಯಾಗಲಾರದು. ಹೋಟೆಲು, ಬ್ಯಾಂಕು, ಗಿರಣಿಗಳನ್ನು ನಂಬಿ ಊರು ಬಿಟ್ಟು ಬಂದ ತಲೆಮಾರಿನ ಮೊಮ್ಮಕ್ಕಳು ಇವರು. ಆದುದರಿಂದಲೇ ಕಳೆದ ಒಂದೆರಡು ವರ್ಷಗಳ ಕೆಲವು ಸುದ್ದಿಗಳು ನಮ್ಮ ಮನೆಗಳಲ್ಲಿ ವಿಶೇಷ ಆತಂಕವನ್ನು ಹುಟ್ಟಿಸಿವೆ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಸಂಸ್ಥೆಯು ಆಂತರಿಕ ಪರೀಕ್ಷೆಯಲ್ಲಿ ಮೂರು ಅವಕಾಶಗಳಲ್ಲಿಯೂ ತೇರ್ಗಡೆಯಾಗಲಿಲ್ಲವೆಂಬ ಕಾರಣ ನೀಡಿ ತನ್ನ ಮೈಸೂರು ಆವರಣದಿಂದ 300ಕ್ಕೂ ಹೆಚ್ಚು ತರಬೇತಿ ನೌಕರರನ್ನು ಬಿಡುಗಡೆ ಮಾಡಿತು. ಅದೇ ವರ್ಷ ಜುಲೈಯಲ್ಲಿ, 1968ರಲ್ಲಿ ಈ ನಗರದಲ್ಲೇ ಜನಿಸಿದ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್, ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇಕಡಾ 2ರಷ್ಟು, ಅಂದರೆ 12 ಸಾವಿರಕ್ಕೂ ಮಿಕ್ಕಿ ಹುದ್ದೆಗಳನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು.

ಈ ಎರಡನೆಯ ಸುದ್ದಿಯನ್ನು ನಮ್ಮಲ್ಲಿ ಹೆಚ್ಚಿನವರು ಅರ್ಧ ಮಾತ್ರ ಓದಿದರು. ಕಡಿತದ ಹೊಡೆತ ಮುಖ್ಯವಾಗಿ ಬೀಳುವುದು ಮಧ್ಯಮ ಮತ್ತು ಹಿರಿಯ ಶ್ರೇಣಿಯವರ ಮೇಲೆ ಎಂದು ಕಂಪೆನಿ ಹೇಳಿತ್ತು. ಹಾಗಾದರೆ ಕಿರಿಯರು ಪಾರಾದರು ಎಂದು ನಿಟ್ಟುಸಿರು ಬಿಟ್ಟವರುಂಟು. ನಮಗೆ ಹಾಗನಿಸುವುದಿಲ್ಲ. ಹೊಸಬನ ಬೆನ್ನ ಹಿಂದೆ ನಿಂತು, ಅವನು ಬರೆದುದನ್ನು ಓದಿ, ಇಲ್ಲಿ ತಪ್ಪಿದೆ ನೋಡು ಎಂದು ತೋರಿಸುವವರು ಯಾರು? ಇದೇ ಮಧ್ಯಮ ಶ್ರೇಣಿಯವರು. ಇನ್ನೊಂದು ಕಡೆ, 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹೊಸಬರಿಗೆ ಮೀಸಲಾಗಿದ್ದ ಸಣ್ಣಪುಟ್ಟ ಕೆಲಸಗಳನ್ನು, ಅಂದರೆ ಚಿಕ್ಕ ದೋಷವನ್ನು ತಿದ್ದುವುದು, ಪರೀಕ್ಷಾ ಸಂಕೇತ ಬರೆಯುವುದು, ಹಳೆಯ ಕಾರ್ಯಕ್ರಮಕ್ಕೊಂದು ಪುಟ ಸೇರಿಸುವುದು ಮುಂತಾದವನ್ನು, ಯಂತ್ರವೇ ಬಹುಮಟ್ಟಿಗೆ ಮಾಡಿಕೊಡುತ್ತಿದೆ. ಕಲಿಯುವ ಕೆಲಸವೂ ಕಡಿಮೆಯಾಯಿತು, ಕಲಿಸುವ ಹಿರಿಯರೂ ಕಡಿಮೆಯಾದರು. ಹಿಂದೆ ಕಂಪೆನಿಯೇ ಸಂಬಳ ಕೊಟ್ಟು ಮೊದಲ ಎರಡು ವರ್ಷಗಳಲ್ಲಿ ಕಲಿಸುತ್ತಿದ್ದ ಪಾಠವನ್ನು ವಿದ್ಯಾರ್ಥಿಯು ಈಗ ಕಾಲೇಜಿನಲ್ಲೇ ಕಲಿತು ಬರಬೇಕಾಗಿದೆ. ಆ ಪಾಠಕ್ಕೆ ಇಂದು ಲಭ್ಯವಿರುವ ಒಂದೇ ಪಾಠಶಾಲೆಯೆಂದರೆ ಮಾರ್ಗದರ್ಶಕರೊಬ್ಬರ ಕಣ್ಗಾವಲಿನಲ್ಲಿ ನಾಲ್ಕಾರು ಮಂದಿ ಕೂಡಿ ಮಾಡುವ ಪ್ರಾಜೆಕ್ಟ್.

ಕಲಾ ಪದವೀಧರರಾದ ನಮಗೆ ತಂತ್ರಾಂಶದ ಒಳಹೊರಗು ತಿಳಿದಿದೆಯೆಂದು ಹೇಳಿಕೊಳ್ಳುವುದಿಲ್ಲ. ಆದರೆ ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುವುದೆಂದರೇನೆಂದು ಬ್ಯಾಂಕಿನ ನೌಕರರಿಗೆ ಚೆನ್ನಾಗಿ ಗೊತ್ತು. ನಾವು ಸೇವೆಗೆ ಸೇರಿದ ಕಾಲದಲ್ಲಿ ಅನೇಕ ಶಾಖೆಗಳಲ್ಲಿ ಲೆಡ್ಜರುಗಳು ಕೈಬರಹದವೇ ಆಗಿದ್ದವು. ಸಂಜೆ ಡೇಬುಕ್ಕು ತಾಳೆಯಾಗದಿದ್ದರೆ ಹೆಡ್ ಕ್ಲಾರ್ಕರು ವ್ಯತ್ಯಾಸದ ಮೊತ್ತವನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದರು. ಶೇಷವಿಲ್ಲದೆ ಭಾಗವಾದರೆ ಯಾರೋ 54ನ್ನು 45 ಎಂದು ಬರೆದಿರಬೇಕು, ಅಂಕೆಗಳು ಅದಲುಬದಲಾಗಿರಬೇಕು, ಅಲ್ಲೇ ಹುಡುಕಿ ಎನ್ನುತ್ತಿದ್ದರು. ಇದನ್ನು ಯಾವ ಪದವಿ ತರಗತಿಯಲ್ಲೂ ನಮಗೆ ಹೇಳಿಕೊಟ್ಟಿರಲಿಲ್ಲ. ಲೆಕ್ಕ ಪರಿಶೋಧಕರಾಗುವವರಿಗೆ ಇಂದಿಗೂ ಆರ್ಟಿಕಲ್‌ಶಿಪ್ ಕಡ್ಡಾಯ. 2023ರ ಹೊಸ ಕ್ರಮದಲ್ಲಿ ಅದರ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿಯಿತೇ ಹೊರತು ಅದನ್ನು ಕೈಬಿಡುವ ಧೈರ್ಯವನ್ನು ಯಾರೂ ಮಾಡಲಿಲ್ಲ. ವೈದ್ಯರಿಗೂ ಇಂಟರ್ನ್‌ಶಿಪ್ ಇಲ್ಲದೆ ನೋಂದಣಿಯಿಲ್ಲ. ತಂತ್ರಾಂಶ ಕ್ಷೇತ್ರಕ್ಕೆ ಮಾತ್ರ ಅಂತಹ ಕಡ್ಡಾಯ ಶಿಷ್ಯವೃತ್ತಿ ಬೇಕೆಂದು ಯಾರಿಗೂ ತೋರಲಿಲ್ಲ. ಕೆಲಸ ಹೇರಳವಾಗಿದ್ದ ಕಾಲದಲ್ಲಿ ಅದರ ಕೊರತೆ ಎದ್ದು ಕಾಣಲೂ ಇಲ್ಲ.

ತಂಡದ ಪ್ರಾಜೆಕ್ಟಿನಲ್ಲಿ ಕಲಿಯುವುದಾದರೂ ಏನು? ಹೆತ್ತವರಲ್ಲಿ ಅನೇಕರು ಅದನ್ನು ಶಾಲೆಯ ವಿಜ್ಞಾನ ಪ್ರದರ್ಶನದ ಮಾದರಿಯಂತೆ ಭಾವಿಸಿರುತ್ತಾರೆ. ವಾಸ್ತವದಲ್ಲಿ ನಾಲ್ವರು ಏಕಕಾಲದಲ್ಲಿ ಒಂದೇ ಬರಹವನ್ನು ತಿದ್ದುವ ಕೆಲಸ ಅದು. ಒಬ್ಬನು ತಿದ್ದಿದ್ದನ್ನು ಇನ್ನೊಬ್ಬನು ಅಳಿಸಿಬಿಡದಂತೆ ಕಾಯಲು ಲಿನಸ್ ಟಾರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ಎಂಬ ಸಾಧನವನ್ನು ಇಂದು ಜಗತ್ತಿನಾದ್ಯಂತ ಬಳಸುತ್ತಾರೆ. ಅದನ್ನು ಒಂದು ಲೆಡ್ಜರು ಎಂದೇ ತಿಳಿಯಬಹುದು. ಪ್ರತಿಯೊಂದು ಬದಲಾವಣೆಯೂ ಮಾಡಿದವರ ಹೆಸರು, ದಿನಾಂಕ ಮತ್ತು ಕಾರಣದ ವಿವರಣೆಯೊಂದಿಗೆ ಅಲ್ಲಿ ದಾಖಲಾಗುತ್ತದೆ. ಹಳೆಯ ನಮೂದು ಸಾಮಾನ್ಯವಾಗಿ ಅಳಿಯುವುದಿಲ್ಲ. ತಪ್ಪಿದ್ದರೆ ಅದನ್ನು ಸರಿಪಡಿಸುವ ಹೊಸ ನಮೂದು ಬೀಳುತ್ತದೆ.

ಇದಕ್ಕಿಂತಲೂ ಮುಖ್ಯವಾದುದು ಪರಿಶೀಲನೆ. ಬ್ಯಾಂಕಿನಲ್ಲಿ ಒಬ್ಬರು ವೋಚರನ್ನು ನಮೂದಿಸಿದರೆ ಇನ್ನೊಬ್ಬರು ಅದನ್ನು ಮಂಜೂರು ಮಾಡಬೇಕು. ಮೇಕರ್, ಚೆಕರ್ ಎಂಬ ಈ ಪದ್ಧತಿಯನ್ನು ಯಾರೂ ಅಪಮಾನವೆಂದು ತಿಳಿಯುವುದಿಲ್ಲ. ತಂತ್ರಾಂಶದಲ್ಲೂ ಕ್ರಮ ಅದೇ: ಒಬ್ಬರು ಬರೆದ ಸಂಕೇತವನ್ನು ಇನ್ನೊಬ್ಬರು ಓದಿ ಒಪ್ಪಿದ ಬಳಿಕವೇ ಅದು ಮೂಲಕ್ಕೆ ಸೇರುತ್ತದೆ. ಶಾಲೆಯಲ್ಲಿ ಹದಿನೈದು ವರ್ಷ ತಾನೊಬ್ಬನೇ ಓದಿ, ತಾನೊಬ್ಬನೇ ಬರೆದು, ಶೇಕಡಾ 95 ತೆಗೆದ ಹುಡುಗನಿಗೆ ಮೊದಲ ಪರಿಶೀಲನೆಯಲ್ಲಿ ಹನ್ನೆರಡು ಆಕ್ಷೇಪಗಳು ಬಂದಾಗ ಆಗುವ ಮುಖಭಂಗ ಸಣ್ಣದಲ್ಲ. ಆ ಮುಖಭಂಗವು ಪ್ರೊಬೇಷನ್ ಕಾಲದಲ್ಲಿ ಆಗುವುದಕ್ಕಿಂತ ಇಪ್ಪತ್ತನೆಯ ವಯಸ್ಸಿನಲ್ಲಿ, ಸಂಬಳದ ಹಂಗಿಲ್ಲದ ಜಾಗದಲ್ಲಿ ಆಗಿಹೋಗುವುದು ಲೇಸು. ಪರಿಶೀಲಿಸುವ ಹುಡುಗಿಗೂ ಇದರಲ್ಲಿ ಪಾಠವಿದೆ. ಸ್ನೇಹಿತನ ತಪ್ಪನ್ನು ಸ್ನೇಹ ಕೆಡದಂತೆ ಹೇಳುವುದು ಸುಲಭದ ವಿದ್ಯೆಯಲ್ಲ.

ಐಬಿಎಂ ಸಂಸ್ಥೆಯಲ್ಲಿ ಓಎಸ್/360 ಎಂಬ ಬೃಹತ್ ಯೋಜನೆಯನ್ನು ಮುನ್ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ, ತಡವಾಗಿರುವ ಯೋಜನೆಗೆ ಹೊಸಬರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಹೊಸಬರಿಗೆ ವಿವರಿಸುವುದಕ್ಕೇ ಹಳಬರ ಸಮಯ ಹೋಗುತ್ತದೆ, ಜನ ಹೆಚ್ಚಿದಷ್ಟೂ ಪರಸ್ಪರ ಮಾತಾಡಿಕೊಳ್ಳಬೇಕಾದ ದಾರಿಗಳು ಹೆಚ್ಚುತ್ತವೆ. ನಾಲ್ವರಿದ್ದರೆ ಆರು ಜೋಡಿ, ಎಂಟು ಮಂದಿಯಾದರೆ ಇಪ್ಪತ್ತೆಂಟು. ಮದುವೆ ಮನೆಯ ಅಡುಗೆ ಶಾಲೆಯನ್ನು ನಿಭಾಯಿಸಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೂಡಿ ದುಡಿಯುವವರ ನಡುವಿನ ಹೊಂದಾಣಿಕೆ ತಪ್ಪಿದರೆ ಏನಾಗುತ್ತದೆಂಬುದನ್ನು 2025ರ ಏಪ್ರಿಲ್ 12ರಂದು ದೇಶವೇ ಕಂಡಿತು. ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ಪಾವತಿ ನಿಗಮವು ನಡೆಸುವ ಯುಪಿಐ ಅಂದು ಹಲವು ಗಂಟೆ ಅಸ್ತವ್ಯಸ್ತಗೊಂಡಿತು. ತರಕಾರಿ ಅಂಗಡಿಯಲ್ಲಿ ಫೋನು ಹಿಡಿದು ನಿಂತವರಲ್ಲಿ ನಮ್ಮ ಓದುಗರೂ ಇದ್ದಿರಬಹುದು. ಕಾರಣವನ್ನು ಶೋಧಿಸಿದಾಗ ತಿಳಿದುದೇನೆಂದರೆ, ಕೆಲವು ಬ್ಯಾಂಕುಗಳ ಕಡೆಯಿಂದ ವಹಿವಾಟಿನ ಸ್ಥಿತಿ ಏನಾಯಿತು ಎಂಬ ವಿಚಾರಣೆಯ ಸಂದೇಶಗಳು ಮಿತಿಮೀರಿ, ಮತ್ತೆ ಮತ್ತೆ, ಹಳೆಯ ವಹಿವಾಟುಗಳ ಕುರಿತಾಗಿಯೂ ಬಂದು ಮುತ್ತಿದ್ದವು. ಕೇಂದ್ರದ ವ್ಯವಸ್ಥೆಯೊಂದು, ಬ್ಯಾಂಕುಗಳ ವ್ಯವಸ್ಥೆ ಬೇರೊಂದು. ಇವೆರಡರ ನಡುವೆ ಎಷ್ಟು ಬಾರಿ ಕೇಳಬೇಕು, ಎಷ್ಟು ಹೊತ್ತು ಕಾಯಬೇಕು ಎಂಬ ಶಿಸ್ತಿನಲ್ಲಿ ಬಿರುಕಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಒಂದೇ ತಿಂಗಳ ಯುಪಿಐ ವಹಿವಾಟುಗಳ ಸಂಖ್ಯೆ 2,000 ಕೋಟಿಯನ್ನು ದಾಟಿತು. ಇಂತಹ ವ್ಯವಸ್ಥೆಯ ಯಾವುದೋ ಒಂದು ಮೂಲೆಯನ್ನು ನಾಳೆ ನೋಡಿಕೊಳ್ಳಬೇಕಾದವರು ಇಂದು ಅಂಧೇರಿಯಲ್ಲೋ ವಾಶಿಯಲ್ಲೋ ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳೇ.

ಮುಂಬಯಿ ವಿಶ್ವವಿದ್ಯಾಲಯವು ಈ ಅಗತ್ಯವನ್ನು ಮನಗಾಣದೆ ಇರಲಿಲ್ಲ. 2019ರ ಇಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಎರಡನೆಯ ವರ್ಷದಿಂದಲೇ ಮಿನಿ ಪ್ರಾಜೆಕ್ಟನ್ನು ಅಳವಡಿಸಿ, ತಂಡದಲ್ಲಿ ಮೂವರಿಗಿಂತ ಕಡಿಮೆಯಾಗಲಿ ನಾಲ್ವರಿಗಿಂತ ಹೆಚ್ಚಾಗಲಿ ಇರಕೂಡದು, ವಾರವಾರದ ಪ್ರಗತಿಯನ್ನು ಲಾಗ್ ಬುಕ್ಕಿನಲ್ಲಿ ಬರೆದು ಮಾರ್ಗದರ್ಶಕರಿಂದ ಪರಿಶೀಲನೆ ಮಾಡಿಸಿಕೊಳ್ಳಬೇಕು ಎಂಬ ನಿಯಮಗಳನ್ನು ಮಾಡಿತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಬಯಸುವಂತಿಲ್ಲ. ನಡೆಯುವುದು ಬೇರೆ. ಹಲವು ಗುಂಪುಗಳನ್ನು ಹೊತ್ತ ಅಧ್ಯಾಪಕರಿಗೆ ಪ್ರತಿಯೊಂದರ ಸಂಕೇತವನ್ನು ಓದುವಷ್ಟು ಬಿಡುವೆಲ್ಲಿ? ಲಾಗ್ ಬುಕ್ಕು ಸೆಮಿಸ್ಟರಿನ ಕೊನೆಯ ರಾತ್ರಿ, ಬೇರೆ ಬೇರೆ ಬಣ್ಣದ ಪೆನ್ನುಗಳಿಂದ, ಒಂದೇ ಕೂರಿಕೆಯಲ್ಲಿ ತುಂಬುತ್ತದೆ. ನಾಲ್ವರಲ್ಲಿ ಒಬ್ಬ ಜಾಣ ಎಲ್ಲವನ್ನೂ ಬರೆಯುತ್ತಾನೆ, ಮತ್ತೊಬ್ಬಳು ವರದಿ ತಯಾರಿಸುತ್ತಾಳೆ, ಉಳಿದಿಬ್ಬರು ಹಾಜರಿ. ಸಿದ್ಧ ಪ್ರಾಜೆಕ್ಟನ್ನು ಹಣ ತೆತ್ತು ಕೊಳ್ಳುವ ಅಭ್ಯಾಸವಂತೂ ಗುಟ್ಟಾಗಿ ಉಳಿದಿಲ್ಲ. ಈಗ ಯಂತ್ರವೇ ಬರೆದುಕೊಡುವುದರಿಂದ ಆ ಖರ್ಚೂ ಇಲ್ಲ. ಖೇದದ ಸಂಗತಿಯೆಂದರೆ, ಕೊಳ್ಳಲು ಬೇಕಾದ ಹಣ ಹೆತ್ತವರ ಕಿಸೆಯಿಂದಲೇ, ಅವರ ಅರಿವಿನಲ್ಲೇ ಹೋಗಿರುತ್ತದೆ. ಹುಡುಗ ಪರೀಕ್ಷೆಗೆ ಓದಿಕೊಳ್ಳಲಿ, ಪ್ರಾಜೆಕ್ಟಿನ ಗೋಜು ಯಾಕೆ ಎಂಬ ಮಾತನ್ನು ನಾವೇ ನಮ್ಮವರ ಮನೆಗಳಲ್ಲಿ ಕೇಳಿದ್ದೇವೆ.

2017ರಿಂದ ನಡೆಯುತ್ತಿರುವ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನ ಬಗ್ಗೆ ನಮಗೆ ಗೌರವವಿದೆ. ಆರು ಮಂದಿಯ ತಂಡದಲ್ಲಿ ಕನಿಷ್ಠ ಒಬ್ಬಳಾದರೂ ವಿದ್ಯಾರ್ಥಿನಿ ಇರಲೇಬೇಕೆಂಬ ಅದರ ನಿಯಮ ಸ್ತುತ್ಯರ್ಹ. ಆದರೆ ಮೂವತ್ತಾರು ಗಂಟೆಗಳ ನಿದ್ರೆಗೆಟ್ಟ ಉತ್ಸಾಹದಲ್ಲಿ ಎಲ್ಲರೂ ಒಳ್ಳೆಯ ಜೊತೆಗಾರರೇ. ಐದನೆಯ ವಾರ, ಬೇಸರ ಹತ್ತಿದಾಗ, ಒಬ್ಬಳು ಜ್ವರದಿಂದ ಮಲಗಿದಾಗ, ಮೊದಲ ವಿನ್ಯಾಸವೇ ತಪ್ಪೆಂದು ಗೊತ್ತಾದಾಗ ತಂಡದ ನಿಜಬಣ್ಣ ಬಯಲಾಗುತ್ತದೆ.

ಅಂತಹ ದೀರ್ಘ ದುಡಿಮೆಗೆ ನಮ್ಮ ನಗರದಲ್ಲೇ ಒಂದು ಬಾಗಿಲಿದೆ ಎಂಬುದು ಬಹಳ ಮಂದಿಗೆ ತಿಳಿದಂತಿಲ್ಲ. ಪವಾಯಿಯ ಐಐಟಿ ಬಾಂಬೆಯಲ್ಲಿ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ಮುಂದಾಳತ್ವದಲ್ಲಿ ಬೆಳೆದ ಫಾಸೀ ಯೋಜನೆಯು, ಕೇಂದ್ರ ಶಿಕ್ಷಣ ಸಚಿವಾಲಯದ ನೆರವಿನಿಂದ, ಎಲ್ಲರೂ ಮುಕ್ತವಾಗಿ ಬಳಸಬಹುದಾದ ತಂತ್ರಾಂಶಗಳನ್ನು ಶಿಕ್ಷಣ ಕ್ಷೇತ್ರಕ್ಕೆ ಒದಗಿಸುವ ಕಾರ್ಯದಲ್ಲಿ ತೊಡಗಿದೆ. ಇಲ್ಲಿನ ಬೇಸಿಗೆ ಫೆಲೋಶಿಪ್ಪಿಗೆ ಬರುವ ವಿದ್ಯಾರ್ಥಿ ಐಐಟಿಯವನೇ ಆಗಬೇಕಾಗಿಲ್ಲ, ಅಂಕಪಟ್ಟಿಯ ಮೆರುಗೂ ಮುಖ್ಯವಲ್ಲ. ಮೊದಲು ಒಂದು ಕೆಲಸವನ್ನು ಕೊಡುತ್ತಾರೆ, ಅದನ್ನು ಮಾಡಿ ತೋರಿಸಿದವರನ್ನು ಆರಿಸಿಕೊಳ್ಳುತ್ತಾರೆ. ವಿದ್ಯುನ್ಮಂಡಲಗಳ ವಿನ್ಯಾಸಕ್ಕಾಗಿ ಇಸಿಮ್, ಭಾರತೀಯ ಮಾನಕ ಐಎಸ್ 800ರ ಪ್ರಕಾರ ಉಕ್ಕಿನ ಕಟ್ಟಡಗಳ ಜೋಡಣೆಯನ್ನು ಲೆಕ್ಕಹಾಕುವ ಓಸ್‌ಡ್ಯಾಗ್ ಮುಂತಾದವು ಹೀಗೆ ಎಷ್ಟೋ ವಿದ್ಯಾರ್ಥಿಗಳ ಕೈಸೇರಿ ಬೆಳೆದಿವೆ. ಹಿಂದಿನ ವರ್ಷ ಬಂದು ಹೋದವನು ಬರೆದಿಟ್ಟುದನ್ನು ಈ ವರ್ಷದವಳು ಓದಿ ಅರ್ಥಮಾಡಿಕೊಂಡು ಮುಂದುವರಿಸಬೇಕು. ಕಚೇರಿಯ ಕೆಲಸವೆಂದರೆ ಬಹುಪಾಲು ಇದೇ ಅಲ್ಲವೇ? ಗೂಗಲ್ ಸಂಸ್ಥೆ 2005ರಲ್ಲಿ ಆರಂಭಿಸಿದ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮವೂ ಇದೇ ಜಾಡಿನದು. 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ಅದರಲ್ಲಿ ಪ್ರವೇಶವಿದೆ.

ಸರಕಾರವೂ ಸುಮ್ಮನೆ ಕುಳಿತಿಲ್ಲ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯು ತಿಂಗಳಿಗೆ 5,000 ರೂಪಾಯಿ ಸಹಾಯಧನದೊಂದಿಗೆ ದೊಡ್ಡ ಕಂಪೆನಿಗಳಲ್ಲಿ ಒಂದು ವರ್ಷದ ಅನುಭವವನ್ನು ಒದಗಿಸಲು ಹೊರಟಿತು. ಅದು ತಂತ್ರಾಂಶಕ್ಕಷ್ಟೇ ಸೀಮಿತವಲ್ಲವಾದರೂ ಅದರ ಮೊದಲ ಸುತ್ತು ಗಮನಾರ್ಹ. 82 ಸಾವಿರಕ್ಕೂ ಹೆಚ್ಚು ಆಹ್ವಾನಗಳು ಹೋದವು, ಸೇರಿದವರು ಒಂಬತ್ತು ಸಾವಿರದೊಳಗೆ. ಊರಿನ ದೂರ, ಒಂದು ವರ್ಷದ ಅವಧಿ, ಒಪ್ಪಿಗೆಯಾಗದ ಕೆಲಸ ಎಂಬ ಕಾರಣಗಳನ್ನು ಹೇಳಲಾಯಿತು. ಮುಂಬಯಿಯಂತಹ ನಗರದಲ್ಲಿ 5,000 ರೂಪಾಯಿ ಬಾಡಿಗೆಗೂ ಸಾಲದು. ಆದರೆ ಇಲ್ಲೇ ಸ್ವಂತ ಮನೆಯಿದ್ದು, ಲೋಕಲ್ ರೈಲಿನ ಪಾಸು ಇದ್ದು, ಮೇಜಿನ ಮೇಲೆ ಊಟ ಸಿದ್ಧವಿರುವ ನಮ್ಮ ಮಕ್ಕಳಿಗೆ ಆ ಅಡ್ಡಿಯಿಲ್ಲ. ಕಲಿಕೆಯ ಇಂತಹ ಅವಧಿಯನ್ನು ಸಂಬಳದ ಅಳತೆಗೋಲಿನಿಂದ ಅಳೆದು, ಪಕ್ಕದ ಮನೆಯವನಿಗೆ ಇಷ್ಟು ಲಕ್ಷದ ಪ್ಯಾಕೇಜ್ ಬಂತಂತೆ ಎಂದು ಹೋಲಿಸುವ ಚಾಳಿಯನ್ನು ಹಿರಿಯರಾದ ನಾವು ಬಿಡಬೇಕಾಗಿದೆ. ಬದಲಾಗಿ ರಾತ್ರಿ ಊಟದ ಹೊತ್ತಿಗೆ ಕೇಳಬಹುದಾದ ಪ್ರಶ್ನೆಗಳು ಬೇರೆ ಇವೆ: ಈ ಪ್ರಾಜೆಕ್ಟಿನಲ್ಲಿ ನಿನ್ನ ಪಾಲು ಯಾವುದು? ಅದನ್ನು ಯಾರು ಓದಿ ತಿದ್ದಿದರು? ನೀನು ಯಾರದನ್ನು ತಿದ್ದಿದೆ? ಉತ್ತರ ತಡವರಿಸಿದರೆ ತಂತ್ರಜ್ಞಾನ ಬಾರದ ತಾಯಿಗೂ ವಿಷಯ ತಿಳಿಯುತ್ತದೆ.

ಮಾರ್ಗದರ್ಶಕರ ಕೊರತೆಗೆ ನಮ್ಮ ಸಂಘಸಂಸ್ಥೆಗಳು ಸ್ವಲ್ಪಮಟ್ಟಿಗಾದರೂ ಹೆಗಲು ಕೊಡಬಹುದೆಂಬುದು ನಮ್ಮ ಅನಿಸಿಕೆ. ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ವಿತರಣೆಗಳು ವರ್ಷವರ್ಷವೂ ಸಾಂಗವಾಗಿ ನಡೆಯುತ್ತಿವೆ. ಸೀಪ್ಜ್‌ನ ಕಂಪೆನಿಗಳಲ್ಲಿ, ಬ್ಯಾಂಕುಗಳ ಗಣಕ ವಿಭಾಗಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದು ನಿವೃತ್ತರಾದ, ಇಲ್ಲವೇ ಅವಧಿಗೆ ಮುನ್ನವೇ ಹೊರಬಂದ ಕನ್ನಡಿಗರು ನಮ್ಮ ನಡುವೆ ಇದ್ದಾರೆ. ಕೆಲಸವೂ ಕೈಗೆಟಕುವಲ್ಲಿದೆ: ಸಂಘಗಳ ಗ್ರಂಥಾಲಯಗಳ ಕಪಾಟುಗಳಲ್ಲಿರುವ ಹಳೆಯ ಪುಸ್ತಕಗಳಿಗೆ ಒಂದು ಗಣಕೀಕೃತ ಪಟ್ಟಿ. ನೋಡಲು ಸುಲಭ, ಮಾಡಹೊರಟರೆ ಕಗ್ಗಂಟು. ಶ್ರೀ ಎಂಬುದನ್ನು ಅಕಾರಾದಿಯಲ್ಲಿ ಎಲ್ಲಿ ಇಡುವುದು, ಕಾವ್ಯನಾಮದಲ್ಲೂ ನಿಜನಾಮದಲ್ಲೂ ಬರೆದ ಲೇಖಕರನ್ನು ಒಂದೆಡೆ ತರುವುದು ಹೇಗೆ, ರಟ್ಟು ಹರಿದು ಪ್ರಕಟಣೆಯ ವರ್ಷವೇ ಇಲ್ಲದ ಪ್ರತಿಗೆ ಏನು ನಮೂದಿಸುವುದು ಎಂಬ ಪ್ರಶ್ನೆಗಳು ಮೊದಲ ವಾರವೇ ಎದುರಾಗುತ್ತವೆ. ನಾಲ್ವರು ವಿದ್ಯಾರ್ಥಿಗಳಲ್ಲಿ ಕನ್ನಡ ಓದಬಲ್ಲವರು ಒಬ್ಬರೋ ಇಬ್ಬರೋ ಇದ್ದಾರು. ಉಳಿದವರು ಗ್ರಂಥಪಾಲಕರನ್ನೋ ಮನೆಯ ಅಜ್ಜಿಯನ್ನೋ ಕೇಳಬೇಕಾದೀತು. ವಾರಕ್ಕೊಂದು ಸಂಜೆ, ಒಂದು ಸೆಮಿಸ್ಟರಿನ ಅವಧಿಗೆ, ಅವರು ಬರೆದುದನ್ನು ಸಾಲುಸಾಲಾಗಿ ಓದಲು ಒಪ್ಪುವ ಹಿರಿಯರೊಬ್ಬರು ಮುಂದೆ ಬಂದರೆ, ಗ್ರಂಥಾಲಯದ ಮೇಜು ಕುರ್ಚಿಗಳು ಹೇಗೂ ಖಾಲಿಯೇ ಇವೆ.