ಬೆಲ್ಟ್ ಕಂಡರಷ್ಟೇ ನೋವೇ?

ನಮ್ಮಲ್ಲಿ ನೋವಿಗೂ ಸಾಕ್ಷಿ ಬೇಕು. ಕೈಕಾಲು ಮುರಿದವರಿಗೆ ಪ್ಲಾಸ್ಟರ್ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಹಿಂದಿನ ಕಾರು ಗುದ್ದಿ, ಕುತ್ತಿಗೆ ಚಾಟಿಯಂತೆ ಬಳುಕಿ ಉಳುಕಿದವರಿಗೆ? ವೈದ್ಯರು ಅದನ್ನು ವಿಪ್‌ಲ್ಯಾಶ್ ಎನ್ನುತ್ತಾರೆ. ಪೆಟ್ಟು ಸ್ನಾಯುಗಳಿಗೆ, ಲಿಗಮೆಂಟುಗಳಿಗೆ; ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿಯೇ ಕಾಣುತ್ತದೆ. ಸಾಕ್ಷಿಯಾಗಿ ಉಳಿಯುವುದು ಕುತ್ತಿಗೆಯ ಬೆಲ್ಟ್ ಮಾತ್ರ.

ನಾನು ಬೆಲ್ಟ್ ಹಾಕಿದ್ದ ಎರಡು ದಿನ ಬಸ್ಸಿನಲ್ಲಿ ಕರೆದು ಸೀಟು ಕೊಟ್ಟರು. ಬಿಚ್ಚಿಟ್ಟು ವ್ಯಾಯಾಮ ಶುರುಮಾಡಿದ ಮೇಲೆ, 'ಇನ್ನೂ ನೋವಾ?' ಎಂದು ನಕ್ಕರು.

ಮೂಳೆ ಮುರಿಯದ ಇಂಥ ಪೆಟ್ಟಿಗೆ ದೀರ್ಘ ವಿಶ್ರಾಂತಿಗಿಂತ ಬೇಗನೆ ಚಲನೆ ಒಳ್ಳೆಯದೆಂದು ಕೆನಡಾದ ಕ್ವಿಬೆಕ್ ಕಾರ್ಯಪಡೆ 1995ರಲ್ಲೇ ಹೇಳಿತು. ಬೆಲ್ಟಿಗೆ ಒರಗಿದ ಕುತ್ತಿಗೆ ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ. ಆದರೂ ನಮಗೆ ಫಿಸಿಯೋಥೆರಪಿ ಎಂದರೆ 'ಕರೆಂಟ್ ಕೊಡೋದು'. ನಿಜವಾದ ಕೆಲಸ ನಮ್ಮದೇ: ಗದ್ದ ಹಿಂದಕ್ಕೆಳೆದು ಹಿಡಿಯುವುದು, ತಾಳಿಕೊಳ್ಳುವಷ್ಟು ಎರಡೂ ಕಡೆ ತಲೆ ತಿರುಗಿಸುವುದು, ಹೆಗಲು ಹಿಂದಕ್ಕೆ ಸೇರಿಸುವುದು, ದಿನಕ್ಕೆ ಹಲವು ಸಲ, ವಾರಗಟ್ಟಲೆ. ಕೈ ಜೋಮು ಹಿಡಿದರೆ, ಬಲ ಕುಂದಿದರೆ ಮೊದಲು ವೈದ್ಯರ ಬಳಿ ಓಡಬೇಕು. ಕಟಿಂಗ್ ಶಾಪಿನಲ್ಲಿ ನೆಟಿಕೆ ತೆಗೆಸಿ ಎನ್ನುವವರ ಮಾತು ಕೇಳಲೇಬಾರದು.

ಬೆಲ್ಟ್ ಇಲ್ಲದವರಿಗೆ ನೋವಿಲ್ಲ ಎನ್ನುವ ನಾವೇ ಜನರನ್ನು ತಿಂಗಳುಗಟ್ಟಲೆ ಬೆಲ್ಟಿಗೆ ಕಟ್ಟಿಹಾಕುತ್ತೇವೆ. ರಜೆ ಕೇಳಲು, ಮನೆಗೆಲಸದಿಂದ ಬಿಡುವು ಪಡೆಯಲು ಅವರಿಗೆ ಬೇರೆ ದಾರಿಯೇ ಇಲ್ಲ. ಆಫೀಸಿನಲ್ಲೋ ಕ್ಲಾಸಿನಲ್ಲೋ ಯಾರಾದರೂ ನಡುವೆ ಎದ್ದು ಕುತ್ತಿಗೆ ತಿರುಗಿಸುತ್ತಿದ್ದರೆ ನಗಬೇಡಿ. ಅವರು ನೆಪ ಹೂಡುತ್ತಿಲ್ಲ, ಗುಣವಾಗುತ್ತಿದ್ದಾರೆ.